ಬಾಗದವನ ಮುಖ

೬ ಆಗಸ್ಟ್ ೧೯೫೬, ಸೋಮವಾರ

ಇಲವಾಲದ ಆಚೆಯ ಒಂದು ಸಣ್ಣ ಚರ್ಚಿನ ಫಾದರ್ ಚೌರಪ್ಪನವರು ಸೈಕಲ್ಲಿನಲ್ಲಿ ಅಗ್ರಹಾರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಆರು ಅಡಿ ಹಲಗೆಯ ಮೇಲೆ ಮಿಕಾಯೇಲನೆಂಬ ದೇವದೂತನ ಚಿತ್ರ ಬೇಕಂತೆ. ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಅವನ ಹಬ್ಬ. ಮೂವತ್ತು ವರ್ಷ ಅರಮನೆಯಲ್ಲಿ ದೇವಿ, ದಶಾವತಾರ, ಮಹಾರಾಜರ ಸವಾರಿ ಬರೆದ ಕೈ ಇದು. ‘ನಿಮ್ಮ ದೇವರುಗಳು ನನಗೆ ಗೊತ್ತಿಲ್ಲ’ ಎಂದೆ.

‘ಇವನು ದೇವರಲ್ಲ ರಾಯರೇ, ದೇವರ ದೂತ. ಚಿತ್ರದಲ್ಲಿ ಅವನ ಕಾಲಡಿ ಸೈತಾನ ಬಿದ್ದಿರ್ತಾನಲ್ಲ, ಅವನೂ ಒಂದು ಕಾಲಕ್ಕೆ ದೂತನೇ’ ಎಂದರು.

ಮಾದರಿಗೆಂದು ಅಂಗೈ ಅಗಲದ ಮುದ್ರಿತ ಪಟ ಕೊಟ್ಟು ಹೋದರು. ಮೇಲಿರುವವನಿಗೆ ರೆಕ್ಕೆ, ಈಟಿ, ಕಬ್ಬಿಣದ ಅಂಗಿ. ಕೆಳಗಿರುವವನಿಗೆ ಕೋಡು, ಹಂದಿ ಮೂತಿ. ದೂತನಾಗಿದ್ದವನು ಹಂದಿಯಾದದ್ದು ಯಾವಾಗ? ಬೀಳುವ ಮೊದಲೋ, ಬಿದ್ದ ಮೇಲೋ?

ಮಗಳು ಚೂಡಾಮಣಿ ಗಂಡನ ಮನೆ ಬಿಟ್ಟು ಬಂದು ಇವತ್ತಿಗೆ ಇಪ್ಪತ್ತೆರಡು ದಿನ. ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನಡೆದದ್ದನ್ನು ಒಂದು ಸಲ ಬರೆದು ಮುಗಿಸಿಬಿಡುತ್ತೇನೆ. ನಂಜನಗೂಡಿನ ಅವಳ ಅತ್ತೆಮನೆಯಲ್ಲಿ ಓರಗಿತ್ತಿ ಪ್ರೇಮಲೀಲಾಳ ಎಂಟು ತಿಂಗಳ ಮಗು ಜ್ವರದಲ್ಲಿ ಹೋಯಿತು. ಮಕ್ಕಳಿಲ್ಲದ ನನ್ನ ಮಗಳ ದೃಷ್ಟಿಯೇ ತಾಗಿತೆಂದು ಅತ್ತೆ ಗಿರಿಜಾಂಬಾ ಅಂದರಂತೆ. ಎಲ್ಲರೆದುರು ಕಾಲಿಗೆ ಬಿದ್ದು ‘ನನ್ನಿಂದಾಯಿತು, ಕ್ಷಮಿಸಿ’ ಅನ್ನಬೇಕು ಎಂದರಂತೆ. ಇವಳು ಒಲ್ಲೆನೆಂದು ಒಂದೇ ಒಂದು ಚೀಲ ಹಿಡಿದು ರೈಲು ಹತ್ತಿ ಬಂದುಬಿಟ್ಟಿದ್ದಾಳೆ.

ಒಂದು ಸಲ ಬಾಗಿದ್ದರೆ ಮುಗಿದುಹೋಗುತ್ತಿತ್ತು. ನಾನು ಎಷ್ಟು ಜನರಿಗೆ ಬಾಗಿಲ್ಲ? ಚಿತ್ರ ಮುಗಿಯಲಿ, ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ.

೧೨ ಆಗಸ್ಟ್, ಭಾನುವಾರ

ಹುಣಸೂರು ಬಸ್ಸು ಹಿಡಿದು ಚರ್ಚಿಗೆ ಹೋಗಿದ್ದೆ. ಹೆಂಚಿನ ಸೂರು, ಸುಣ್ಣದ ಗೋಡೆ, ಸುತ್ತ ರಾಗಿ ಹೊಲ. ಪೂಜೆ ಮುಗಿಸಿ ಫಾದರ್ ನನ್ನ ಜೊತೆ ಮೆಟ್ಟಿಲ ಮೇಲೆ ಕೂತರು. ಕೆಳಗಿರುವವನ ಮುಖ ಹೇಗಿರಬೇಕು ಎಂದು ಕೇಳಿದೆ.

‘ಅವನು ಎಲ್ಲರಿಗಿಂತ ಚೆಲುವ ರಾಯರೇ. ಲೂಸಿಫರ್ ಅಂತ ಹೆಸರು. ಬೆಳಕು ಹೊತ್ತವನು ಅಂತ ಅರ್ಥ. ಬೆಳಗಿನ ಬೆಳ್ಳಿಚುಕ್ಕಿ ಇಲ್ವೇ, ಅದರ ಹೆಸರೂ ಅದೇ.’

‘ಏನು ತಪ್ಪು ಮಾಡಿದ?’

‘“ನಾನು” ಅಂದ.’

‘ಅಷ್ಟೇನಾ?’

‘ಅಷ್ಟೇ. ಆ ಮಾತು ಅಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಆಗ ಇನ್ನೊಬ್ಬ ದೂತ ಎದ್ದು ನಿಂತು, “ದೇವರ ಸಮ ಯಾರು?” ಅಂತ ಕೇಳಿದ. ಆ ಪ್ರಶ್ನೆಯೇ ಅವನ ಹೆಸರಾಯ್ತು. ಮಿಕಾಯೇಲ್ ಅಂದ್ರೆ ಅದೇ ಅರ್ಥ. ಪರಲೋಕದಲ್ಲಿ ಯುದ್ಧವಾಯ್ತು. ನಕ್ಷತ್ರಗಳಲ್ಲಿ ಮೂರನೇ ಒಂದು ಪಾಲು ಕೆಳಗೆ ಬಂತು ಅಂತಾರೆ.’

‘ಬೀಳೋಕೆ ಎಷ್ಟು ಹೊತ್ತು ಹಿಡೀತು?’

‘ಮಿಂಚು ಬೀಳೋಕೆ ಎಷ್ಟು ಹೊತ್ತು ಬೇಕು?’

ಬಸ್ಸಿನಲ್ಲಿ ಹಿಂತಿರುಗುವಾಗಲೂ ಅದೇ ಯೋಚನೆ. ಆಕಾಶದ ಮೂರನೇ ಒಂದು ಪಾಲು! ಅಷ್ಟು ದೊಡ್ಡ ಕತ್ತಲೆಗೆ ಬಣ್ಣ ಎಲ್ಲಿಂದ ತರಲಿ?

೧೩ ಆಗಸ್ಟ್

ಬೆಳಗಿನ ಜಾವ ಎದ್ದು ತಾರಸಿಗೆ ಹೋದೆ. ನಜರ್‌ಬಾದಿನ ಕಡೆ ಬೆಳ್ಳಿ ಎದ್ದಿತ್ತು. ಇಷ್ಟು ವರ್ಷ ಹಾಲಿನವನು ಬರುವ ಹೊತ್ತಿನ ಗುರುತೆಂದಷ್ಟೇ ನೋಡುತ್ತಿದ್ದ ಚುಕ್ಕಿ. ಇವತ್ತು ಅದು ಉರಿಯುತ್ತಿರುವ ಒಬ್ಬನ ಹಾಗೆ ಕಂಡಿತು. ಕೈ ಮುಗಿಯಬೇಕೋ ಬೇಡವೋ ತಿಳಿಯಲಿಲ್ಲ.

ಚೂಡಾಮಣಿ ನನಗಿಂತ ಮೊದಲೇ ಬಂದು ಕೈಪಿಡಿಗೋಡೆಗೆ ಒರಗಿ ನಿಂತಿದ್ದಳು. ದಿನಾ ಬರುತ್ತಾಳಂತೆ. ಆ ಮಗುವಿಗೆ ಆ ಹೊತ್ತಿನಲ್ಲಿ ಎಚ್ಚರವಾಗುತ್ತಿತ್ತಂತೆ.

೨೧ ಆಗಸ್ಟ್, ಮಂಗಳವಾರ

ಹಲಗೆ ತರಲು ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆ. ದಸ್ತಗೀರ್ ಸಾಹೇಬರು ನನಗೆ ಇಪ್ಪತ್ತು ವರ್ಷದ ಪರಿಚಯ. ಬೀಟೆ ಮರದಲ್ಲಿ ದಂತ ಕೂರಿಸಿ ಹೂಬಳ್ಳಿ ಅರಳಿಸುವುದರಲ್ಲಿ ಅವರಂಥ ಕೈ ಈ ಊರಲ್ಲಿಲ್ಲ. ಮೊಹರಂ ಮುಗಿದು ಈಗಷ್ಟೇ ಕೆಲಸಕ್ಕೆ ಕೂತಿದ್ದರು. ಫಾದರ್ ಹೇಳಿದ ಕಥೆ ಹೇಳಿದೆ. ಉಳಿ ಕೆಳಗಿಟ್ಟರು.

‘ನಮ್ಮಲ್ಲಿ ಹಂಗಲ್ಲ ರಾಯ್ರೇ. ಫರಿಸ್ತೆಗಳು, ಅಂದ್ರೆ ನಿಮ್ಮ ಫಾದರ್ ಹೇಳೋ ದೂತರು, ಬೆಳಕಿಂದ ಆದೋರು. ಅಲ್ಲಾ ಹೇಳಿದ್ದನ್ನ ಮೀರೋದು ಅವರಿಗೆ ಗೊತ್ತೇ ಇಲ್ಲ. ಬಿದ್ದೋನು ಇಬ್ಲೀಸ್ ಇದ್ದಾನಲ್ಲ, ಅವನು ಜಿನ್ನು. ಬೆಂಕಿಯಿಂದ ಆದೋನು. ಪ್ರಾರ್ಥನೆ ಮಾಡಿ ಮಾಡಿ ಫರಿಸ್ತೆಗಳ ಸಾಲಲ್ಲಿ ನಿಲ್ಲೋ ಹಂಗಾಗಿದ್ದ.’

‘ಮತ್ತೆ ಬಿದ್ದದ್ದು ಹೇಗೆ?’

‘ಅಲ್ಲಾ ಮಣ್ಣಿಂದ ಆದಮನ್ನ ಮಾಡಿದ. ಅವನ ಮುಂದೆ ಬಾಗಿ ಅಂತ ಎಲ್ಲರಿಗೂ ಹೇಳಿದ. ಎಲ್ಲಾ ಫರಿಸ್ತೆಗಳೂ ಹಣೆ ನೆಲಕ್ಕಿಟ್ಟರು. ಒಬ್ಬನೇ ಒಬ್ಬ ನಿಂತಿದ್ದ. “ನಾನು ಬೆಂಕಿ, ಅವನು ಮಣ್ಣು” ಅಂದ.’

ನನ್ನ ಕಣ್ಣಿಗೆ ಕಟ್ಟಿತು. ಲೆಕ್ಕವಿಲ್ಲದಷ್ಟು ಬೆಳಕಿನ ಬೆನ್ನುಗಳು ಬಾಗಿವೆ, ನಡುವೆ ಉರಿಯುವ ಒಂದು ಕಂಬದಂತೆ ಅವನು. ಎದುರಿಗೆ ಇನ್ನೂ ಹಸಿ ಆರದ ಮಣ್ಣಿನ ಮನುಷ್ಯ.

‘ಅವನ ಮುಖ?’ ಎಂದೆ.

‘ನನ್ನ ಕೈ ಮುಖ ಕೆತ್ತೋಕೆ ಹೋಗಲ್ಲ, ನಮ್ಮಲ್ಲಿ ಅದು ಸಲ್ಲ, ನಿಮಗೆ ಗೊತ್ತಲ್ಲ. ಆದ್ರೆ ನಮ್ಮ ಹಿರಿಯರು ಹೇಳ್ತಿದ್ದರು. ಮನುಷ್ಯ ಹಣೆ ನೆಲಕ್ಕಿಟ್ಟಾಗಲೆಲ್ಲ ಅವನು ದೂರ ಹೋಗಿ ಅಳ್ತಾನಂತೆ. “ಇವನಿಗೆ ಬಾಗು ಅಂದ್ರು, ಬಾಗಿದ. ನನಗೆ ಅಂದಾಗ ನಾನು ಬಾಗಲಿಲ್ಲ” ಅಂತ.’

ಹಲಗೆಯನ್ನು ಜಟಕಾದಲ್ಲಿ ಹಾಕಿಕೊಂಡು ಬಂದೆ.

೨೨ ಆಗಸ್ಟ್

ಊಟಕ್ಕೆ ಕೂತಾಗ ಆ ಕಥೆಯನ್ನು ಮನೆಯಲ್ಲಿ ಹೇಳಿದೆ. ಸ್ವಲ್ಪ ಚೂಡಾಮಣಿಗೆ ಕೇಳಿಸಲೆಂದೇ ಹೇಳಿದೆ. ‘ನೋಡು, ಬಾಗದೆ ಇದ್ದದ್ದಕ್ಕೆ ಅಷ್ಟು ದೊಡ್ಡವನ ಗತಿ ಏನಾಯ್ತು’ ಎಂದೆ.

ಅವಳು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, ‘ಅವನಿಗೆ ಬಾಗು ಅಂದೋನು ದೇವರು ಅಪ್ಪ. ನನಗೆ ಬಾಗು ಅಂದೋರು ಯಾರು?’ ಎಂದಳು.

ತಂದೆಗೆ ಎದುರು ಮಾತು. ಕೈ ತೊಳೆದುಕೊಂಡು ಎದ್ದೆ. ನನ್ನ ಹೆಂಡತಿ ಸರೋಜ ಒಳಗೆ ನಕ್ಕಳೋ ಅತ್ತಳೋ, ಸದ್ದು ಮಾತ್ರ ಕೇಳಿಸಿತು.

೨ ಸೆಪ್ಟೆಂಬರ್, ಭಾನುವಾರ

ಮಿಕಾಯೇಲನ ರೆಕ್ಕೆಗೆ ಉಬ್ಬು ಕೆಲಸ ಮುಗಿದು ಚಿನ್ನದ ರೇಕು ಅಂಟಿಸುತ್ತಿದ್ದೇನೆ. ಮುಖಗಳೆರಡೂ ಖಾಲಿ.

ನಜರ್‌ಬಾದಿನ ಲ್ಯಾಂಡೌ ದೊರೆಯ ಬಳಿಗೆ ಹೋಗಿದ್ದೆ. ಅರಮನೆಯ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಿದ್ದ ಮುದುಕ. ಜರ್ಮನಿಯಿಂದ ಮೂವತ್ತೊಂಬತ್ತರಲ್ಲಿ ಓಡಿಬಂದ ಯೆಹೂದಿ. ಕನ್ನಡವನ್ನು ತನ್ನ ಅಡುಗೆಯ ಚಾಮಯ್ಯನಿಂದ ಕಲಿತದ್ದರಿಂದ, ಕೋಟು ಹಾಕಿದ ಆ ಬಿಳಿಯ ಮನುಷ್ಯನ ಬಾಯಿಂದ ಹಳ್ಳಿಯ ಮಾತು ಬರುತ್ತದೆ. ಮೊದಲೆಲ್ಲ ಅರಮನೆಯಲ್ಲಿ ಮುಸಿಮುಸಿ ನಗುತ್ತಿದ್ದೆವು.

‘ನಮ್ಮಲ್ಲಿ ಓದ್ಕಂಡೋರು ಒಪ್ಪಾಕಿಲ್ಲ ಕಣ್ರಯ್ಯ, ದೂತ್ರು ಬಿದ್ರು ಅಂದ್ರೆ’ ಎಂದ. ‘ದೂತ್ರಿಗೆ ಸ್ವಂತ ಮನ್ಸೇ ಇಲ್ಲ. ಕಳ್ಸಿದ್ ಕಡೆ ಓಯ್ತಾರೆ, ಒಂದ್ ಕೆಲ್ಸ ಮಾಡ್ತಾರೆ, ಮುಗೀತು.’

‘ಹಾಗಾದರೆ ಸೈತಾನ?’

‘ಅವ್ನು ಸರ್ಕಾರಿ ವಕೀಲ. ದೊಡ್ ಕೋರ್ಟ್ನಾಗೆ ನಮ್ ಮ್ಯಾಲೆ ಕೇಸ್ ನಡೆಸ್ತಾನೆ. ಅವ್ನೂ ಅದೇ ಜಡ್ಜ್ ಕೈಕೆಳ್ಗಿನೋನೇ.’

ನನಗೆ ನಿರಾಸೆಯಾದದ್ದು ಅವನಿಗೆ ಕಂಡಿರಬೇಕು. ‘ಅಜ್ಜಿ ಕತೆ ಒಂದೈತೆ, ಬೋ ಹಳೇದು’ ಎಂದು ಶುರುಮಾಡಿದ. ಮನುಷ್ಯರನ್ನು ಕಂಡು ಹೀಯಾಳಿಸಿದ ಇಬ್ಬರು ದೂತರು, ನಾವಾದರೆ ತಪ್ಪು ಮಾಡುತ್ತಿರಲಿಲ್ಲವೆಂದು ಹೇಳಿ ಭೂಮಿಗೆ ಇಳಿದರಂತೆ. ಇಳಿದವರೇ ಹೆಣ್ಣುಗಳನ್ನು ಕಂಡು ಸೋತರಂತೆ. ಒಬ್ಬ ಇನ್ನೂ ಹಾಗೇ ಇದ್ದಾನೆ. ಇನ್ನೊಬ್ಬನಿಗೆ ಪಶ್ಚಾತ್ತಾಪ ಹತ್ತಿ, ದೇವರ ಮುಖ ನೋಡಲು ನಾಚಿ, ಆಕಾಶಕ್ಕೂ ಭೂಮಿಗೂ ನಡುವೆ ತಲೆಕೆಳಗಾಗಿ ತನ್ನನ್ನು ತಾನೇ ತೂಗುಹಾಕಿಕೊಂಡಿದ್ದಾನಂತೆ. ‘ಇವತ್ಗೂ ಅಂಗೇ ತೂಗಾಡ್ತಾವ್ನೆ. ಮ್ಯಾಕ್ಕೂ ಓಗಾಕಿಲ್ಲ, ಕೆಳಕ್ಕೂ ಬರಾಕಿಲ್ಲ.’

ಆಮೇಲೆ ಇನ್ನೊಂದು ಹೇಳಿದ. ದಿನಾ ಬೆಳಗಾದರೆ ಬೆಂಕಿಯ ನದಿಯೊಂದರಿಂದ ಹೊಸ ದೂತರು ಹುಟ್ಟುತ್ತಾರಂತೆ. ಒಂದೇ ಒಂದು ಹಾಡು ಹೇಳಿ ಮತ್ತೆ ಅದೇ ನದಿಗೆ ಸೇರಿಹೋಗುತ್ತಾರಂತೆ. ಒಂದು ಹಾಡಿನಷ್ಟು ಆಯುಷ್ಯ! ಎಂಟು ತಿಂಗಳು ಬದುಕಿದ್ದ ಒಂದು ಕೂಸು ಯಾಕೋ ನೆನಪಾಯಿತು. ಅದನ್ನು ನಾನು ಒಂದೇ ಸಲ ನೋಡಿದ್ದೆ, ನಾಮಕರಣದ ದಿನ.

‘ಯಾರು ಹೇಳಿದ ಕಥೆಗಳು ಇವು?’ ಎಂದೆ.

‘ನಮ್ಮಪ್ಪ. ಅಪ್ಪ, ಅಕ್ಕ, ಅಕ್ಕನ್ ಮಕ್ಳು ಎಲ್ಲಾ ಅಲ್ಲೇ ಉಳ್ಕಂಡ್ರು. ನಲ್ವತ್ತೆರಡ್ರಾಗೆ ಒಂದ್ ಕಾಗ್ದ ಬಂತು. ಆಮ್ಯಾಕಿಲ್ಲ.’ ಪಿಯಾನೋದ ಒಂದೇ ಸ್ವರದ ಮನೆಯನ್ನು ಒತ್ತಿ ಒತ್ತಿ ಕೇಳಿಸಿಕೊಂಡ. ‘ಆಕಾಸ್ದಿಂದ ಬಿದ್ದೋರ್ ಯೋಚ್ನೆ ನಂಗಿಲ್ಲ ಕಣ್ರಯ್ಯ. ನಮ್ಮೋರ್ನ ನೆಲಕ್ ಬೀಳ್ಸಿದೋರು ಮನುಸ್ರೇ. ತಪ್ ಮಾಡ್ದೋರ್ನ ತಪ್ ಒಪ್ಕೋ ಅಂದಿದ್ರು ಅವ್ರು.’

‘ಮಾಡ್ದೋರ್ನ’ ಎಂದನೋ ‘ಮಾಡ್ದಿದ್ದೋರ್ನ’ ಎಂದನೋ ಎಂದು ಮತ್ತೆ ಕೇಳಿದೆ.

‘ಮಾಡ್ದೇ ಇದ್ದೋರ್ನ’ ಎಂದು ಬಿಡಿಸಿ ಹೇಳಿದ.

೫ ಸೆಪ್ಟೆಂಬರ್

ಮುಖ ಬರಲಿಲ್ಲ. ಮೂರು ಸಲ ಬರೆದು ಮೂರು ಸಲ ಒರೆಸಿದೆ. ಬೀಗರಿಂದ ಕಾಗದ ಬಂದಿದೆ. ಗೌರಿ ಗಣೇಶ ಕಳೆದ ಮೇಲೆ ಹುಡುಗಿಯನ್ನು ಕರೆತನ್ನಿ, ಹೇಳಿದ ಹಾಗೆ ನಡೆದುಕೊಂಡರೆ ಮನೆಗೆ ಸೇರಿಸುತ್ತೇವೆ ಅಂತ. ಬರುತ್ತೇವೆ ಎಂದು ಅವತ್ತೇ ಉತ್ತರ ಹಾಕಿದೆ.

೧೦ ಸೆಪ್ಟೆಂಬರ್, ಸೋಮವಾರ

ನಂಜನಗೂಡಿಗೆ ಹೋಗಿ ಬಂದೆವು. ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು.

ರೈಲಿನಲ್ಲಿ ಅವಳಿಗೆ ಹೇಳಿದೆ, ‘ಒಂದು ಕ್ಷಣದ ಕೆಲಸ ಕಣಮ್ಮ. ಬಗ್ಗಿ ಎದ್ದುಬಿಡು.’ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ಗಿರಿಜಾಂಬಾ ಮಣೆಯ ಮೇಲೆ ಕೂತಿದ್ದರು. ಅಳಿಯ ಸುಂದರೇಶ ಕಂಬಕ್ಕೆ ಒರಗಿ ಕೂತು ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಕೂಸಿನ ತಾಯಿ ಪ್ರೇಮಲೀಲಾ ಕಾಣಿಸಲಿಲ್ಲ, ಒಳಕೋಣೆಯ ಬಾಗಿಲು ಮುಚ್ಚಿತ್ತು.

‘ಹೂಂ, ಆಗಲಿ’ ಎಂದರು ಗಿರಿಜಾಂಬಾ.

ಚೂಡಾಮಣಿ ನಿಂತೇ ಇದ್ದಳು. ಎಲ್ಲರೂ ಕೂತಿದ್ದಾರೆ, ನಾನೂ ಕೂತಿದ್ದೇನೆ, ಅವಳೊಬ್ಬಳೇ ನೆಟ್ಟಗೆ ನಿಂತಿದ್ದಾಳೆ. ನಾನು ‘ಚೂಡಾ’ ಎಂದೆ. ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಬೆಂಕಿ ಇರುತ್ತದೆಂದು ತಿಳಿದಿದ್ದೆ. ಇರಲಿಲ್ಲ. ಬಹಳ ದಣಿದಿದ್ದಳು, ಅಷ್ಟೇ.

ಆಮೇಲೆ ಅವಳು ಅತ್ತೆಯನ್ನು ದಾಟಿ ಮೂಲೆಗೆ ನಡೆದಳು. ಅಲ್ಲಿ ತೊಟ್ಟಿಲನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟಿದ್ದರು. ಮೇಲೊಂದು ಹಳೆಯ ಸೀರೆ ಹೊದೆಸಿತ್ತು. ಅವಳು ಅದರ ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕಿಟ್ಟಳು. ಯಾರೂ ಹೇಳಿರಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದಳೋ. ನಾನು ನನ್ನ ಜನ್ಮದಲ್ಲಿ ಎಷ್ಟೋ ಮೂರ್ತಿಗಳ ಮುಂದೆ ಎಷ್ಟೋ ಜನ ಬಾಗಿದ್ದನ್ನು ಕಂಡಿದ್ದೇನೆ, ಬರೆದಿದ್ದೇನೆ. ಬಾಗುವುದೆಂದರೆ ಏನೆಂದು ನೋಡಿದ್ದು ಇವತ್ತು.

ಒಳಕೋಣೆಯ ಬಾಗಿಲು ತೆರೆಯಿತು. ಪ್ರೇಮಲೀಲಾ ತಲೆ ಕೆದರಿಕೊಂಡು ಬಂದು, ನನ್ನ ಮಗಳ ಪಕ್ಕ ಕುಸಿದು ಕೂತು, ಅವಳ ಬೆನ್ನ ಮೇಲೆ ಮುಖವಿಟ್ಟು ಅತ್ತಳು. ‘ನಾಲ್ಕು ರಾತ್ರಿ ನೀನೇ ಎತ್ಕೊಂಡಿದ್ದೆ. ನನಗೆ ಮಲಕ್ಕೋ ಅಂದು ನೀನೇ ಎತ್ಕೊಂಡಿದ್ದೆ’ ಎಂದಳು.

ಗಿರಿಜಾಂಬಾ ಅವರ ತುಟಿ ಅದುರಿತು. ಅಜ್ಜಿಯಲ್ಲವೇ ಅವರೂ. ಆದರೆ ಹಟ ಬಿಡಲಿಲ್ಲ. ‘ಅದೆಲ್ಲ ಇರ್ಲಿ. ನನ್ನಿಂದಾಯ್ತು ಅಂತ ಬಾಯಿಬಿಟ್ಟು ಹೇಳ್ಲಿ’ ಎಂದರು.

ಆಗ ‘ಹೇಳ್ಬೇಡ ಮಗು’ ಎಂದು ಯಾರೋ ಅಂದರು. ಅಂದದ್ದು ನಾನೇ.

ಮಗಳ ಕೈ ಹಿಡಿದು ಎಬ್ಬಿಸಿ ಸ್ಟೇಷನ್ನಿಗೆ ನಡೆದೆ. ಸುಂದರೇಶ ಬಾಗಿಲವರೆಗೆ ಬಂದ, ಹೊಸ್ತಿಲು ದಾಟಲಿಲ್ಲ. ನಾನೇಕೆ ಹಾಗೆ ಹೇಳಿದೆನೋ. ಅವಳ ಬಾಳನ್ನು ಒಂದು ಮಾತಿನಿಂದ ಹಾಳುಮಾಡಿದೆನೋ ಏನೋ.

೧೧ ಸೆಪ್ಟೆಂಬರ್

ಸರೋಜ ನನಗೆ ಎರಡು ಲೋಟ ಕಾಫಿ ಕೊಟ್ಟಳು. ದಿನವೂ ಒಂದೇ.

೧೯ ಸೆಪ್ಟೆಂಬರ್, ಬುಧವಾರ

ಕೆಳಗಿನವನ ಮುಖ ಇವತ್ತು ತಾನಾಗಿ ಬಂತು. ಕೋಡಿಲ್ಲ, ಮೂತಿಯಿಲ್ಲ. ಚೆಲುವಾದ ಮುಖ, ‘ನಾನು’ ಎಂದ ಬಾಯಿ ಇನ್ನೂ ಅರ್ಧ ತೆರೆದೇ ಇದೆ, ಹಿಂದೆ ಇಡೀ ಆಕಾಶ ಅವನೊಡನೆ ಜಾರುತ್ತಿದೆ. ಮಾಡಿದ್ದು ಅವನಿಗೆ ಈಗಷ್ಟೇ ಅರ್ಥವಾಗುತ್ತಿದೆ. ನನ್ನ ಮಗಳನ್ನು ಇವನಿಗೆ ಹೋಲಿಸಿದ್ದೆನಲ್ಲ ಎಂದು ಕುಂಚ ಕೆಳಗಿಟ್ಟೆ. ಇವನು ಮಣ್ಣನ್ನು ಕಂಡು ತಿರಸ್ಕರಿಸಿದವನು.

ಸಂಜೆ ಮಿಕಾಯೇಲನ ಮುಖ ಮುಗಿಸಿದೆ. ಚಿನ್ನ ಉಜ್ಜಿ ಹೊಳಪು ಕೊಡುತ್ತಿದ್ದ ಚೂಡಾಮಣಿ ಹತ್ತಿರ ಬಂದು, ‘ಅಪ್ಪ, ಇವನು ಅಳ್ತಿದ್ದಾನೆ’ ಎಂದಳು.

‘ಎಣ್ಣೆ ಹೆಚ್ಚಾಗಿರಬೇಕು, ಒರೆಸ್ತೀನಿ’ ಎಂದೆ. ಒರೆಸಲಿಲ್ಲ. ಕತ್ತಲಾಗಿತ್ತು.

೨೩ ಸೆಪ್ಟೆಂಬರ್, ಭಾನುವಾರ

ಸುಂದರೇಶ ಬಂದಿದ್ದ. ಜಗುಲಿಯಲ್ಲೇ ಕೂತ. ಅವನ ತಾಯಿ ಒಂದು ಮೆಟ್ಟಿಲು ಇಳಿದಿದ್ದಾರೆ. ಎಲ್ಲರೆದುರು ಬೇಡ, ದೇವರ ಕೋಣೆಯಲ್ಲಿ ಅವರೊಬ್ಬರೆದುರು ಹೇಳಿದರೆ ಸಾಕಂತೆ.

‘ಅವಳನ್ನೇ ಕೇಳಪ್ಪ’ ಎಂದೆ.

ಚೂಡಾಮಣಿ ಬಾಗಿಲಲ್ಲಿ ನಿಂತು ಕೇಳಿದಳು, ‘ಆ ನಾಲ್ಕು ರಾತ್ರಿ ನೀವು ಏನು ನೋಡಿದ್ರಿ?’

ಅವನು ಎದ್ದು ನಿಂತ. ‘ನೀನು ಮಗೂನ ಹೆಗಲ ಮೇಲೆ ಹಾಕ್ಕೊಂಡು ಓಡಾಡ್ತಿದ್ದೆ. ನಾನು ಎದ್ದು ನೋಡ್ದೆ, ಮತ್ತೆ ಮಲಗ್ದೆ.’

‘ಇದನ್ನೇ ನಿಮ್ಮಮ್ಮನ ಮುಂದೆ ಹೇಳಿ. ಬರ್ತೀನಿ.’

ಕಾಫಿ ಕುಡಿದು ಹೋದ. ಇಂಥ ಮಾತಾಡಿದ ಮೇಲೆ ಯಾವ ಗಂಡ ತಿರುಗಿ ಬರುತ್ತಾನೆ ಎಂದು ಸರೋಜ ಕಣ್ಣೊರೆಸಿಕೊಂಡಳು. ನಾನು ಹಲಗೆಯ ಹಿಂಬದಿಗೆ ಅರಗು ಬಳಿದೆ.

೨೯ ಸೆಪ್ಟೆಂಬರ್, ಶನಿವಾರ

ನಿನ್ನೆ ಸುಂದರೇಶನ ಕಾಗದ ಬಂತು. ಹೇಳಿದನಂತೆ, ಅಣ್ಣ ಅತ್ತಿಗೆಯರ ಎದುರಿಗೇ. ತಾಯಿ ಎರಡು ದಿನ ಊಟ ಬಿಟ್ಟರಂತೆ. ಅವನ ಜೊತೆ ಇನ್ನೂ ಮಾತಿಲ್ಲ. ‘ಆದರೆ ಇನ್ನು ಮೇಲೆ ಆ ಮಾತು ಯಾರೂ ಎತ್ತುವುದಿಲ್ಲ. ಎತ್ತಿದರೆ ನಾನಿದ್ದೇನೆ. ನಿನಗೆ ಮನಸ್ಸು ಬಂದಾಗ ಬಾ’ ಎಂದು ಬರೆದಿದ್ದಾನೆ. ಚೂಡಾಮಣಿ ಕಾಗದವನ್ನು ಎರಡು ಸಲ ಓದಿ, ದಸರಾ ಮುಗಿಸಿಕೊಂಡು ಹೋಗುತ್ತೇನೆ ಎಂದಳು. ಆ ಮನೆಯವರ ಮುಖ ನೋಡಲು ಅವಳಿಗೆ ಇನ್ನೂ ಅಷ್ಟು ದಿನ ಬೇಕಂತೆ. ಇರಲಿ.

ಇವತ್ತು ಚರ್ಚಿನಲ್ಲಿ ಚಿತ್ರ ಏರಿಸಿದರು. ಅವಳೂ ನನ್ನ ಜೊತೆ ಬಂದಿದ್ದಳು. ಫಾದರ್ ಮೊದಲು ನೋಡಿದಾಗ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಕೊಟ್ಟ ಮಾದರಿಯಂತೆ ನಾನು ಬರೆದಿರಲಿಲ್ಲ. ಅವರು ಕೆಳಗಿನವನನ್ನು ನೋಡಿದರು, ಮೇಲಿನವನನ್ನು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಆಮೇಲೆ ಮೇಣದಬತ್ತಿ ಹಚ್ಚಿಟ್ಟರು.

ರೆಕ್ಕೆಯ ಚಿನ್ನ ಹೊತ್ತಿಕೊಂಡಿತು. ಹೊಲದಿಂದ ನೇರವಾಗಿ ಬಂದಿದ್ದ ಜನ, ಕಾಲಲ್ಲಿ ಇನ್ನೂ ಮಣ್ಣಿತ್ತು, ಒಬ್ಬೊಬ್ಬರಾಗಿ ಮಂಡಿಯೂರಿದರು. ನಾನು ಬರೆದದ್ದೆಂದು ನನಗೇ ಮರೆತುಹೋಯಿತು.

ಒಬ್ಬ ಮುದುಕಿ ಮುಂದೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಗಟ್ಟಿಯಾಗಿ ಕೇಳಿದಳು, ‘ಸ್ವಾಮಿ, ಗೆದ್ದೋನು ಯಾಕೆ ಅಳ್ತಾವ್ನೆ?’

ಫಾದರ್ ಹೇಳಿದರು, ‘ನಮ್ಮ ಪುಸ್ತಕದಲ್ಲಿ ಹಂಗೆ ಬರೆದಿಲ್ಲಮ್ಮ. ಆದ್ರೆ ಬಿದ್ದೋನು ನಿನ್ನೆವರೆಗೂ ಅವನ ಪಕ್ಕದಲ್ಲೇ ಹಾಡ್ತಿದ್ದೋನಲ್ವಾ.’

ಮುದುಕಿ ‘ಅದೂ ಸರಿಯೇ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿಂತಿರುಗುವಾಗ ಬಸ್ಸು ಕಿಕ್ಕಿರಿದಿತ್ತು. ಯಾರೋ ಪುಣ್ಯಾತ್ಮರು ಎದ್ದು ನನಗೆ ಜಾಗ ಬಿಟ್ಟರು. ಚೂಡಾಮಣಿ ಕಂಬಿ ಹಿಡಿದು ನಿಂತಳು. ಇಲವಾಲ ದಾಟಿದ ಮೇಲೆ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ, ತಲೆ ತಗ್ಗಿಸಲಿಲ್ಲ. ಒಂದು ಸೀಟು ಖಾಲಿಯಾಯಿತು. ‘ಕೂತ್ಕೋ’ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮೈಸೂರು ಬರುವವರೆಗೂ ನೋಡುತ್ತಲೇ ಇದ್ದೆ. ಆ ಮುಖವನ್ನು ಬರೆಯುವ ಬಣ್ಣ ನನ್ನ ಹತ್ತಿರ ಇಲ್ಲ.